ಊರಿನ ಚರಿತ್ರೆಯನ್ನು ಮಕ್ಕಳಿಂದ ಬರೆಸುವುದು ಹೇಗೆ: ಕರಾವಳಿಯ ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

‘ನಿಮ್ಮ ಊರಿನ ಇತಿಹಾಸದ ಬಗ್ಗೆ ಪ್ರಬಂಧ ಬರೆಯಿರಿ’ ಎಂದು ಏಳನೇ ತರಗತಿಯ ಮಕ್ಕಳಿಗೆ ಹೇಳಿದರೆ ಏನು ಬರುತ್ತದೆ ಎಂಬುದು ಪಾಠ ಮಾಡುವವರಿಗೆಲ್ಲ ಗೊತ್ತು. ‘ನಮ್ಮ ಊರು ಪ್ರಕೃತಿ ಸೌಂದರ್ಯದಿಂದ ಕೂಡಿದೆ. ಇಲ್ಲಿ ಪುರಾತನವಾದ ದೇವಸ್ಥಾನವಿದೆ. ಇಲ್ಲಿನ ಜನರು ಸೌಹಾರ್ದದಿಂದ ಬಾಳುತ್ತಿದ್ದಾರೆ.’ ಹೆಜಮಾಡಿಯ ಮಗು ಬರೆದದ್ದನ್ನು ಬೀದರಿನ ಮಗುವಿನ ಹೆಸರಿನಲ್ಲಿ ಕೊಟ್ಟರೂ ವ್ಯತ್ಯಾಸ ತಿಳಿಯುವುದಿಲ್ಲ. ತಪ್ಪು ಮಗುವಿನದಲ್ಲ. ಕೈಗೆ ಏನನ್ನೂ ಕೊಡದೆ ಬರೆ ಎಂದರೆ ಅದು ತಾನೇ ಏನು ಮಾಡೀತು?

ಈ ಬರಹ ಪ್ರೌಢಶಾಲೆಯ ಮತ್ತು ಹಿರಿಯ ಪ್ರಾಥಮಿಕ ಶಾಲೆಯ ಕನ್ನಡ ಹಾಗೂ ಸಮಾಜ ಶಿಕ್ಷಕರಿಗಾಗಿ. ಏಳು, ಎಂಟು, ಒಂಬತ್ತನೇ ತರಗತಿಗಳಿಗೆ ಸರಿಹೊಂದುವ ಚಟುವಟಿಕೆಗಳು ಇಲ್ಲಿವೆ. ಹತ್ತನೆಯವರನ್ನು ಬಿಟ್ಟುಬಿಡಿ, ಅವರ ತಲೆಯ ಮೇಲೆ ಪರೀಕ್ಷೆ ಕೂತಿರುತ್ತದೆ. ಉದಾಹರಣೆಗಳೆಲ್ಲ ಮಂಗಳೂರು, ಉಡುಪಿ ಸುತ್ತಮುತ್ತಲಿನವು.

ಎಲ್ಲಕ್ಕಿಂತ ಮೊದಲು: ಸಿಕ್ಕಿದ್ದು ನೀಲಿ, ಕಟ್ಟಿದ್ದು ಪೆನ್ಸಿಲು

ಚರಿತ್ರೆಯನ್ನೂ ಕಥೆಯನ್ನೂ ಒಟ್ಟಿಗೆ ತಂದಾಗ ಸಮಾಜ ಪಾಠದ ಶಿಕ್ಷಕರಿಗೆ ಒಂದು ಭಯ, ಕನ್ನಡ ಶಿಕ್ಷಕರಿಗೆ ಇನ್ನೊಂದು. ಮಕ್ಕಳು ಸುಳ್ಳುಸುಳ್ಳೇ ಬರೆದು ಅದನ್ನೇ ನಿಜವೆಂದು ನಂಬಿಬಿಟ್ಟರೆ ಎಂಬುದು ಮೊದಲಿನವರದು. ಇಸವಿಗಳ ಭಾರಕ್ಕೆ ಕಥೆಯೇ ಸತ್ತುಹೋದರೆ ಎಂಬುದು ಎರಡನೆಯವರದು. ಎರಡಕ್ಕೂ ಒಂದೇ ಮದ್ದು. ಕರಡು ಬರೆಯುವಾಗ ದಾಖಲೆಯಿಂದಲೋ, ವಸ್ತುವಿನಿಂದಲೋ, ಹಿರಿಯರ ಬಾಯಿಂದಲೋ ಸಿಕ್ಕಿದ ಮಾತನ್ನು ನೀಲಿ ಪೆನ್ನಿನಲ್ಲಿ ಬರೆಯಬೇಕು. ಮಗು ತಾನೇ ಊಹಿಸಿ ಕಟ್ಟಿದ್ದನ್ನು ಪೆನ್ಸಿಲಿನಲ್ಲಿ ಬರೆಯಬೇಕು. ಪುಟ ಪೂರ್ತಿ ನೀಲಿಯಾದರೆ ಅದು ಬರೀ ಟಿಪ್ಪಣಿ. ಪೂರ್ತಿ ಪೆನ್ಸಿಲಾದರೆ ಚಂದಮಾಮದ ಕಥೆ. ಅರ್ಧಕ್ಕರ್ಧ ಆಗಲೇಬೇಕೆಂಬ ಹಟ ಬೇಡ. ಆದರೆ ಪ್ರತಿ ಪ್ಯಾರಾದಲ್ಲೂ ಒಂದಾದರೂ ನೀಲಿ ವಾಕ್ಯ ಇರಬೇಕು ಎಂದು ಹೇಳಿ.

ಈ ಒಂದು ನಿಯಮವನ್ನು ವರ್ಷವಿಡೀ ಬಿಗಿಯಾಗಿ ಹಿಡಿದುಕೊಂಡರೆ ಸಾಕು, ಉಳಿದ ಚಟುವಟಿಕೆಗಳನ್ನು ನಿಮ್ಮ ಶಾಲೆಗೆ ಬೇಕಾದ ಹಾಗೆ ತಿರುಗಿಸಿಕೊಳ್ಳಬಹುದು.

ವೇಳಾಪಟ್ಟಿಯ ಬಗ್ಗೆಯೂ ಇಲ್ಲೇ ಒಂದು ಮಾತು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗೆ ಕರೆದುಕೊಂಡು ಹೋಗುವ ಯೋಚನೆಯೇ ಬೇಡ. ರೆಡ್ ಅಲರ್ಟ್ ಅಂತ ರಜೆ ಸಿಗುವ ದಿನಗಳೇ ಸಾಕಷ್ಟು. ಮುಂದೆ ಬರುವ ಚಟುವಟಿಕೆಗಳಲ್ಲಿ ಹೆಂಚು, ವಿಳಾಸ, ಪತ್ರಿಕೆ, ಪತ್ರ ಇವೆಲ್ಲ ಮಳೆಗಾಲದವು. ಹಿರಿಯರ ಸಂದರ್ಶನವನ್ನು ದಸರಾ ರಜೆಗೆ ಕೊಡಿ. ಹೊರಸಂಚಾರ, ತಾಳಮದ್ದಳೆ ಎರಡನ್ನೂ ನವೆಂಬರ್ ನಂತರಕ್ಕೆ ಇಟ್ಟುಕೊಳ್ಳಿ.

ಮೊದಲ ಚಟುವಟಿಕೆ: ಹೆಂಚನ್ನು ಮಗುಚಿ ಹಾಕಿ

ರಾಜರಿಂದ ಶುರು ಮಾಡಬೇಡಿ. ಆಳುಪರು, ಚೌಟರು, ಬಂಗರು ಎಲ್ಲರೂ ಕಾಯುತ್ತಾರೆ. ಕೈಯಲ್ಲಿ ಹಿಡಿಯಲು ಬರುವ ಒಂದು ವಸ್ತುವಿನಿಂದ ಹೊರಡಿ. ಈ ಊರುಗಳಲ್ಲಿ ಅದಕ್ಕೆ ಹೆಂಚಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಹಳೆ ಮನೆ ಕೆಡವಿ ತಾರಸಿ ಹಾಕುತ್ತಿರುವವರು ಪ್ರತಿ ಊರಲ್ಲೂ ಇದ್ದಾರೆ. ಕೇಳಿದರೆ ನಾಲ್ಕಾರು ಹೆಂಚು ಸುಮ್ಮನೆ ಕೊಡುತ್ತಾರೆ. ಬೇರೆ ಬೇರೆ ಕಾರ್ಖಾನೆಯದ್ದು ಸಿಕ್ಕಿದರೆ ಇನ್ನೂ ಒಳ್ಳೆಯದು.

ಮೊದಲ ಪೀರಿಯಡ್: ಮೇಜಿನ ಮೇಲೆ ಪೇಪರ್ ಹಾಸಿ, ಹೆಂಚನ್ನು ಮಗುಚಿ ಇಡಿ. ಹತ್ತು ನಿಮಿಷ ಯಾರೂ ಮಾತಾಡುವಂತಿಲ್ಲ. ನೋಡಬೇಕು, ಮುಟ್ಟಬೇಕು, ಚಿತ್ರ ಬಿಡಿಸಬೇಕು. ಆಮೇಲೆ ಕಂಡದ್ದನ್ನಷ್ಟೇ ಹಲಗೆಯ ಮೇಲೆ ಪಟ್ಟಿ ಮಾಡಿ. ಕಾರ್ಖಾನೆಯ ಹೆಸರು, ಮುದ್ರೆ, ರೀಪಿಗೆ ಸಿಕ್ಕಿಸುವ ಉಬ್ಬು, ಪಕ್ಕದ ಹೆಂಚಿನ ಜತೆ ಕೂಡುವ ಕಚ್ಚು, ಅಂಚಿನಲ್ಲಿ ಪಾಚಿ. ಒಂದು ಹೆಂಚಿನ ಹೊಟ್ಟೆಯೆಲ್ಲ ಕಪ್ಪಗಿದ್ದರೆ ಕೇಳಿ: ಇದು ಮನೆಯ ಯಾವ ಭಾಗದ ಮೇಲಿತ್ತು? ‘ಅಡುಗೆಮನೆ, ಟೀಚರ್, ಹೊಗೆ ಹಿಡಿದಿದೆ’ ಎಂದು ಹಿಂದಿನ ಬೆಂಚಿನಿಂದ ಉತ್ತರ ಬರುತ್ತದೆ. ಚರಿತ್ರೆಕಾರರು ಮಾಡುವ ಕೆಲಸವನ್ನು ಆ ಮಗು ಈಗ ತಾನೇ ಮಾಡಿತು ಎಂದು ಅಲ್ಲೇ ಹೇಳಿಬಿಡಿ.

ನಿಮ್ಮ ಪುಣ್ಯಕ್ಕೆ ‘ಬಾಸೆಲ್ ಮಿಷನ್’ ಎಂಬ ಕ್ರೈಸ್ತ ಸಂಸ್ಥೆಯ ಹೆಸರೂ ‘1865’ ಎಂಬ ಇಸವಿಯೂ ಒತ್ತಿದ ಹೆಂಚು ಸಿಕ್ಕಿದರೆ ಅದರಲ್ಲೊಂದು ಒಳ್ಳೆಯ ಬಲೆ ಇದೆ. ಹೆಂಚು ಯಾವ ವರ್ಷದ್ದು ಎಂದು ಕೇಳಿದರೆ ಇಡೀ ತರಗತಿ ಒಕ್ಕೊರಲಿನಿಂದ 1865 ಎನ್ನುತ್ತದೆ. ಅದು ಕಾರ್ಖಾನೆ ಶುರುವಾದ ವರ್ಷ; ಹೆಂಚನ್ನು ಸುಟ್ಟದ್ದು ಎಷ್ಟೋ ದಶಕಗಳ ನಂತರವೂ ಇರಬಹುದು. ಬೇಕರಿಯ ಬೋರ್ಡಿನಲ್ಲಿ ‘ಸ್ಥಾಪನೆ 1952’ ಎಂದಿದ್ದರೆ ಒಳಗಿನ ಬನ್ನು 1952ರದ್ದೇ ಎಂದು ಕೇಳಿ ನೋಡಿ. ನಗು ಮುಗಿಯುವ ಹೊತ್ತಿಗೆ ಅರ್ಥವಾಗಿರುತ್ತದೆ.

ಎರಡನೇ ಪೀರಿಯಡ್: ಈಗ ಮಾಹಿತಿಯ ಚೀಟಿ ಹಂಚಿ. ಐದಾರು ವಾಕ್ಯ ಸಾಕು. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆವೆಮಣ್ಣು ಹತ್ತಿರದಲ್ಲೇ ಸಿಗುತ್ತಿತ್ತು, ನದಿಯಲ್ಲಿ ದೋಣಿಯೂ ಬಂದರಿನಲ್ಲಿ ಮಂಜಿ ಎಂಬ ಹಾಯಿಹಡಗೂ ಸಾಗಾಟಕ್ಕಿದ್ದವು. ಅದಕ್ಕೆ ಮೊದಲು ಸಾಮಾನ್ಯರ ಮನೆಯ ಮಾಡು ಮುಳಿಹುಲ್ಲಿನದ್ದು. ಮೊದಲ ಮಹಾಯುದ್ಧದಲ್ಲಿ ಜರ್ಮನರು ಬ್ರಿಟಿಷರಿಗೆ ಶತ್ರುಗಳಾದ್ದರಿಂದ ಮಿಷನ್‌ನ ಕಾರ್ಖಾನೆಗಳು ಕೈತಪ್ಪಿ, ಬಳಿಕ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿಗೆ ಹೋದವು.

ಇನ್ನು ಬರವಣಿಗೆ. ‘ಹೆಂಚಿನ ಆತ್ಮಕಥೆ’ ಬರೆಸಬೇಡಿ, ದಯವಿಟ್ಟು. ‘ನಾನೊಂದು ಹಳೆಯ ಕೊಡೆ’, ‘ನಾನೊಂದು ಹರಿದ ಪುಸ್ತಕ’ ಬರೆದೂ ಬರೆದೂ ಮಕ್ಕಳ ಕೈಗೆ ಅದೇ ರಾಗ ಹತ್ತಿಬಿಟ್ಟಿದೆ. ಹೆಂಚು ಕಣ್ಣೀರು ಹಾಕಿ ಮುಗಿಯುತ್ತದೆ. ಅದರ ಬದಲು ಒಬ್ಬ ಮನುಷ್ಯ, ಒಂದು ಜಾಗ, ಒಂದು ಗಂಟೆ ಕೊಡಿ. ಮುಳಿಮಾಡಿನಿಂದ ಹೆಂಚಿಗೆ ಬಂದ ಮನೆಯಲ್ಲಿ ಮೊದಲ ಮಳೆಯ ರಾತ್ರಿ. ಕಾರ್ಖಾನೆಯಲ್ಲಿ ಮಣ್ಣು ಹೊರುವ ಹೆಂಗಸಿನ ಮಧ್ಯಾಹ್ನದ ಊಟದ ಹೊತ್ತು. ಕಾರ್ಖಾನೆಯ ಯಜಮಾನಿಕೆ ಬದಲಾದ ವಾರದಲ್ಲಿ ಅಚ್ಚಿನ ಮುಂದೆ ನಿಂತ ಕೆಲಸಗಾರ.

ಮಾದರಿಯಾಗಿ ಹಲಗೆಯ ಮೇಲೆ ನೀವೇ ನಾಲ್ಕು ಸಾಲು ಬರೆದು ತೋರಿಸಿ. ಹೀಗೆ:

‘ಹೋದ ವರ್ಷದ ತನಕ ಮಳೆ ಬಂದದ್ದು ನಮಗೆ ಮೈಮೇಲೆ ನೀರು ಬಿದ್ದ ಮೇಲೆ ಗೊತ್ತಾಗುತ್ತಿತ್ತು. ಮುಳಿಹುಲ್ಲಿಗೆ ಸದ್ದಿಲ್ಲ. ಈ ಸಲ ಮೊದಲ ಹನಿಗೇ ಅಜ್ಜಿ ಎದ್ದು ಕೂತರು. ಯಾರೋ ಮಾಡಿನ ಮೇಲೆ ಹರಳು ಚೆಲ್ಲುತ್ತಿದ್ದಾರೆ ಅಂದರು. ಅಪ್ಪ ಚಿಮಿಣಿ ದೀಪ ಎತ್ತಿ ಪಕ್ಕಾಸಿನುದ್ದಕ್ಕೂ ನೋಡಿದರು. ಎಲ್ಲೂ ಸೋರಲಿಲ್ಲ. ಅಜ್ಜಿ ಮಾತ್ರ ಬೆಳಗಾಗುವವರೆಗೆ ಮಲಗಲಿಲ್ಲ.’

ಇದರಲ್ಲಿ ನೀಲಿ ಯಾವುದು, ಪೆನ್ಸಿಲು ಯಾವುದು ಎಂದು ಮಕ್ಕಳೇ ಹೇಳಲಿ. ಮುಳಿಹುಲ್ಲು ನೀಲಿ. ಪಕ್ಕಾಸು, ಅಂದರೆ ಮಾಡನ್ನು ಹೊರುವ ಮರ, ನೀಲಿ. ಅಜ್ಜಿ ಪೆನ್ಸಿಲು. ಮುಳಿಹುಲ್ಲಿಗೆ ಸದ್ದಿಲ್ಲ ಎಂಬುದು? ಇಲ್ಲಿ ಜಗಳ ಏಳಬೇಕು. ಮುಳಿಮಾಡಿನಡಿ ಮಲಗಿದ ಯಾರನ್ನಾದರೂ ಕೇಳಿ ಬನ್ನಿ ಎಂದು ಮನೆಗೆ ಕಳಿಸಿ.

ಒಂದೇ ಮನೆ, ನಾಲ್ಕು ವಿಳಾಸ

ಇದು ಅರ್ಧ ಪೀರಿಯಡ್‌ನ ಆಟ. ಉಡುಪಿಯ ಒಂದು ಮನೆ ಇದ್ದಲ್ಲೇ ಇದೆ. 1956ರ ನವೆಂಬರ್ 1ರ ಮೊದಲು ಅದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ರಾಜ್ಯದಲ್ಲಿ. 1973ರ ನವೆಂಬರ್ 1ರಿಂದ ಕರ್ನಾಟಕ ರಾಜ್ಯದಲ್ಲಿ. 1997ರಿಂದ ಉಡುಪಿ ಜಿಲ್ಲೆಯಲ್ಲಿ. ಹಳೆ ಕಾಗದವನ್ನು ಲಕೋಟೆಯ ಅಳತೆಗೆ ಕತ್ತರಿಸಿ, ಒಂದೇ ಮನೆಗೆ ನಾಲ್ಕು ಕಾಲದಲ್ಲಿ ಬಂದ ನಾಲ್ಕು ಪತ್ರಗಳ ವಿಳಾಸ ಬರೆಸಿ. ಒಳಗೆ ಮೂರೇ ಸಾಲು: ಯಾರು ಬರೆದರು, ಯಾಕೆ ಬರೆದರು. ಮಂಗಳೂರಿನ ಶಾಲೆಯಾದರೆ ಕೊನೆಯ ಲಕೋಟೆ ಇಲ್ಲ. ಆದರೆ ಕಾಸರಗೋಡಿನ ಚಿಕ್ಕಪ್ಪನಿಗೆ ಬರೆದ ಪತ್ರ ಹಾಕಬಹುದು. ಒಂದೇ ಜಿಲ್ಲೆಯಲ್ಲಿದ್ದ ಅಣ್ಣತಮ್ಮಂದಿರು 1956ರಲ್ಲಿ ಎರಡು ರಾಜ್ಯದವರಾದರು. ಅಷ್ಟು ಹೇಳಿದರೆ ಸಾಕು, ಉಳಿದದ್ದು ಮಕ್ಕಳ ಕೈಯಲ್ಲಿ ಬರುತ್ತದೆ.

1843ರ ಪತ್ರಿಕೆಗೆ ಒಂದು ಪುಟ

ಜುಲೈ 1ಕ್ಕೆ ಪತ್ರಿಕಾ ದಿನ. ಅದು ಮಂಗಳೂರಿನದ್ದೇ ದಿನ ಎಂದು ಎಷ್ಟು ಮಕ್ಕಳಿಗೆ ಗೊತ್ತು? ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರತಂದರು. ಕನ್ನಡದ ಮೊದಲ ಪತ್ರಿಕೆ. ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು, ಕಲ್ಲಚ್ಚಿನಲ್ಲಿ ಮುದ್ರಣ. ಆ ವಾರ ತರಗತಿಯಿಂದ ಒಂದು ಗೋಡೆಪತ್ರಿಕೆ ಮಾಡಿಸಿ. ನಿಬಂಧನೆ ಒಂದೇ: 1843ರ ಜುಲೈ ನಂತರ ಬಂದ ಯಾವುದೂ ಅದರಲ್ಲಿ ಇರಬಾರದು. ಮಳೆ, ಅಕ್ಕಿ, ದೋಣಿ, ಕಳವು, ಮದುವೆ, ಮೀನು ಏನು ಬೇಕಾದರೂ ಬರಲಿ.

ಬರೆದದ್ದನ್ನು ಅದಲುಬದಲು ಮಾಡಿ, ಕಾಲ ತಪ್ಪಿ ಒಳನುಗ್ಗಿದ ವಸ್ತುಗಳನ್ನು ಪರಸ್ಪರ ಹುಡುಕಿಸಿ. ಬಸ್ಸು, ಕರೆಂಟು, ಸೈಕಲ್ಲು ಬೇಗ ಸಿಗುತ್ತವೆ. ‘ಗಾಳಿಮಳೆಗೆ ಕಾರ್ಖಾನೆಯ ಹೆಂಚು ಹಾರಿಹೋಯಿತು’ ಎಂದು ಬರೆದವರನ್ನು ಹಿಡಿಯುವುದು ಹೆಂಚಿನ ಪಾಠ ನೆನಪಿದ್ದವರಿಗೆ ಮಾತ್ರ ಸಾಧ್ಯ.

ಆರು ವರ್ಷ ಹಿಂದಕ್ಕೆ ಹೋದರೆ ಬ್ರಿಟಿಷರ ವಿರುದ್ಧದ 1837ರ ದಂಗೆ ಇದೆ. ಸುಳ್ಯದ ಕಡೆಯಿಂದ ಬಂದವರು ಏಪ್ರಿಲ್ 5ರಂದು ಮಂಗಳೂರನ್ನು ಹಿಡಿದು, ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿ, ಹದಿಮೂರು ದಿನ ಊರನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡಿದ್ದರು. ಆಗ ಇಲ್ಲಿ ಪತ್ರಿಕೆಯೇ ಇರಲಿಲ್ಲ. ಹಾಗಾದರೆ ಸುದ್ದಿ ಹೇಗೆ ಹರಡಿತು? ಒಂಬತ್ತನೇ ತರಗತಿಯವರಿಗೆ ಈ ಪ್ರಶ್ನೆಯನ್ನೇ ವಿಷಯವಾಗಿ ಕೊಡಿ: ಸಂತೆಯಲ್ಲಿ ಕೇಳಿದ ಸುದ್ದಿ, ಕಚೇರಿಯ ಗುಮಾಸ್ತನ ವರದಿಯಲ್ಲಿ ಕಂಡ ಅದೇ ಸುದ್ದಿ.

ಹಿರಿಯರ ಹತ್ತಿರ ಕೂತು ಕೇಳುವುದು

‘ಅಜ್ಜಿ, ನಿಮ್ಮ ಕಾಲ ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು ಮಗಾ, ಈಗಿನ ಹಾಗಲ್ಲ’ ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಮಾತು ಮುಗಿಯಿತು. ಕೈ, ಕಾಲು, ಕಣ್ಣು, ದುಡ್ಡು ಇವುಗಳಿಗೆ ತಾಗುವ ಪ್ರಶ್ನೆ ಬೇಕು. ಶಾಲೆಗೆ ಹೋಗುವಾಗ ಹೊಳೆ ದಾಟಬೇಕಿತ್ತಾ? ದೋಣಿಯವನಿಗೆ ಏನು ಕೊಡುತ್ತಿದ್ದಿರಿ? ಬುತ್ತಿ ಯಾವುದರಲ್ಲಿ ಕಟ್ಟುತ್ತಿದ್ದರು? ನೇತ್ರಾವತಿ ದಡದ ಮನೆಯಾದರೆ 1974ರ ನೆರೆಯ ಬಗ್ಗೆ ಕೇಳದೆ ಬರಬೇಡಿ: ನೀರು ಎಲ್ಲಿಯ ತನಕ ಬಂತು, ಗೋಡೆಯಲ್ಲಿ ಕೈಯಿಟ್ಟು ತೋರಿಸಿ ಅಜ್ಜ. ಮೊದಲು ಏನನ್ನು ಎತ್ತಿಕೊಂಡು ಓಡಿದಿರಿ? ಇನ್ನೂ ಹಳಬರ ಮನೆಗಳಲ್ಲಿ ಅವರ ಅಪ್ಪ ಹೇಳಿದ 1923ರ ನೆರೆಯ ಕಥೆಯೂ ಸಿಕ್ಕೀತು.

ಅಳತೆಗಳ ಬಗ್ಗೆ ಕೇಳಲು ಹೇಳಿ. ಅಕ್ಕಿಯ ಲೆಕ್ಕ ಆಗ ಕಿಲೋದಲ್ಲಿರಲಿಲ್ಲ. ಸೇರು, ಕಳಸೆ, ಮುಡಿ. ಹದಿನಾಲ್ಕು ಸೇರಿಗೊಂದು ಕಳಸೆ, ಮೂರು ಕಳಸೆಗೊಂದು ಮುಡಿ ಎಂದು ಹಿರಿಯರು ಬಾಯಿಪಾಠ ಒಪ್ಪಿಸುತ್ತಾರೆ. ಬೈಹುಲ್ಲಿನಲ್ಲಿ ಮುಡಿ ಕಟ್ಟುವುದನ್ನು ಕೈಸನ್ನೆಯಲ್ಲೇ ತೋರಿಸುವವರು ಇನ್ನೂ ಇದ್ದಾರೆ. ಆ ಕೈಯ ಚಲನೆಯನ್ನು ಆರು ವಾಕ್ಯದಲ್ಲಿ ಬರೆ ಎನ್ನಿ. ವರ್ಣನೆ ಬರೆಯುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗಂತೂ ಸಿಕ್ಕಿಲ್ಲ.

ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ, ಯಾವುದರಲ್ಲಿ ಉತ್ತರ ಬಂದರೂ ಮುಖ್ಯವಾದ ಒಂದೆರಡು ಮಾತನ್ನು ಹೇಳಿದ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಳ್ಳಲಿ. ಎಲ್ಲವನ್ನೂ ಪುಸ್ತಕದ ಕನ್ನಡಕ್ಕೆ ತಿರುಗಿಸಿದರೆ ಅಜ್ಜಿ ಮಾಯವಾಗಿ ಆ ಜಾಗದಲ್ಲಿ ಪಠ್ಯಪುಸ್ತಕ ಕೂತಿರುತ್ತದೆ.

ಬೀಡಿ ಕಟ್ಟುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಮಕ್ಕಳು ಅದನ್ನು ಹೇಳಲು ನಾಚುತ್ತಾರೆ, ಚರಿತ್ರೆ ಎಂದರೆ ಕೋಟೆ ಅಂದುಕೊಂಡಿರುತ್ತಾರೆ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ, ಅಳತೆಯ ತಗಡು, ಕತ್ತರಿ, ಮಡಿಲಲ್ಲಿ ತಡ್ಪೆ (ಗೆರಸಿ), ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಲೆಕ್ಕ ಬರೆದ ಪುಸ್ತಕ: ಈ ಜಿಲ್ಲೆಗಳ ಎಷ್ಟು ಮನೆಗಳ ಶಾಲಾ ಖರ್ಚು ಆ ಪುಸ್ತಕದಿಂದ ಹುಟ್ಟಿದೆ ಎಂದು ತರಗತಿಯಲ್ಲಿ ಮೊದಲು ನೀವೇ ಹೇಳಿ. ಆಮೇಲೆ ಯಾರು ಬರೆಯುತ್ತೇವೆ ಎನ್ನುತ್ತಾರೋ ಅವರು ಬರೆಯಲಿ. ಒತ್ತಾಯ ಬೇಡ.

ಶಾಲೆಯ ಹಳೆಯ ದಾಖಲಾತಿ ಪುಸ್ತಕವೂ ಒಳ್ಳೆಯ ಆಕರ, ಆದರೆ ಅದನ್ನು ಮಕ್ಕಳ ಕೈಗೆ ಕೊಡಬೇಡಿ. ಅದರಲ್ಲಿ ಹೆಸರಿದೆ, ಜಾತಿ ಇದೆ, ಬಿಟ್ಟುಹೋದ ಕಾರಣ ಇದೆ. ಆ ಮನೆಯವರ ಮೊಮ್ಮಕ್ಕಳು ನಿಮ್ಮ ಮುಂದೆಯೇ ಕೂತಿರಬಹುದು. ಹೆಸರು ತೆಗೆದು, ವರ್ಷ ಮತ್ತು ಕಾರಣವನ್ನಷ್ಟೇ ನೀವೇ ಚೀಟಿಗಿಳಿಸಿ. ಯಾರಿಗೆ ಆ ಪುಸ್ತಕದಲ್ಲಿ ಜಾಗವೇ ಇರಲಿಲ್ಲ ಎಂಬ ಪ್ರಶ್ನೆಯನ್ನು ಜತೆಗೆ ಇಡಿ. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು, ದಲಿತ ಮಕ್ಕಳಿಗೆ ಶಾಲೆಗಳನ್ನೂ ತೆರೆದರು. ಪುರಭವನಕ್ಕೆ ಅವರ ಹೆಸರಿದೆ. ಆ ಶಾಲೆಗೆ ಮೊದಲ ದಿನ ಹೊರಟ ಮಗುವಿನ ಮನೆಯಲ್ಲಿ ಹಿಂದಿನ ರಾತ್ರಿ ಯಾರು ಏನು ಮಾತಾಡಿರಬಹುದು? ಬರೀ ಸಂಭಾಷಣೆ, ಒಂದು ಪುಟ.

ಬೊಂಬಾಯಿಯಿಂದ ಬಂದ ಪತ್ರ

ಕರಾವಳಿಯ ಯಾವ ತರಗತಿಯಲ್ಲಿ ಕೇಳಿದರೂ ಬೊಂಬಾಯಿಗೆ ಹೋದ ಒಬ್ಬ ಅಜ್ಜನೋ ಮಾವನೋ ಇದ್ದೇ ಇರುತ್ತಾರೆ. ಹಳೆ ಬಂದರಿನಿಂದ ಹಡಗು ಹತ್ತಿ ಹೋದವರು, ಆಮೇಲೆ ಬಸ್ಸಿನಲ್ಲಿ ಹೋದವರು, 1998ರಲ್ಲಿ ಕೊಂಕಣ ರೈಲು ಪೂರ್ತಿ ಶುರುವಾದ ಮೇಲೆ ರೈಲಿನಲ್ಲಿ ಹೋದವರು. ಹೊಟೇಲಿನಲ್ಲಿ ಹಗಲು ಕೆಲಸ, ರಾತ್ರಿ ಕನ್ನಡ ಶಾಲೆ. ಹದಿಮೂರರ ಹುಡುಗ ಹೊಟೇಲು ಸೇರಿ ಊರಿಗೆ ಬರೆದ ಪತ್ರವನ್ನು ಮಕ್ಕಳು ಬರೆಯಲಿ.

ಇಲ್ಲಿ ಎರಡು ಷರತ್ತು ಹಾಕಿ. ಮೊದಲನೆಯದು ಜಾಗದ್ದು: ಇನ್‌ಲ್ಯಾಂಡ್ ಪತ್ರದ ಅಳತೆಯ ಕಾಗದ, ಅದಕ್ಕಿಂತ ಒಂದು ಸಾಲೂ ಹೆಚ್ಚಿಲ್ಲ. ಎರಡನೆಯದು, ಆ ಹುಡುಗ ಒಂದು ಸಂಗತಿಯನ್ನು ಅಮ್ಮನಿಂದ ಮುಚ್ಚಿಡುತ್ತಿರಬೇಕು. ಅದನ್ನು ಎಲ್ಲೂ ನೇರವಾಗಿ ಹೇಳಬಾರದು, ಆದರೆ ಓದಿದವರಿಗೆ ಗುಮಾನಿ ಬರಬೇಕು. ‘ಕೈ ಈಗ ವಾಸಿಯಾಗಿದೆ, ನೀವು ಚಿಂತೆ ಮಾಡಬೇಡಿ’ ಎಂದು ಬರೆದ ಮಗು, ಕೈಗೆ ಏನಾಗಿತ್ತು ಎಂದು ಬರೆಯದೆ ಬಿಟ್ಟರೆ ಪಾಠ ಆಯಿತು. ಗಲ್ಫಿಗೆ ಹೋದವರ ಮನೆಯ ಮಕ್ಕಳಿಗೆ ಪತ್ರದ ಬದಲು ಕ್ಯಾಸೆಟ್ ಕೊಡಿ: ಊರಿನವರೆಲ್ಲ ಟೇಪ್ ರೆಕಾರ್ಡರ್ ಸುತ್ತ ಕೂತು ಮಾತಾಡಿ ಕಳಿಸುತ್ತಿದ್ದ ಕ್ಯಾಸೆಟ್. ಯಾರು ಎಷ್ಟು ಹೊತ್ತು ಮಾತಾಡಿದರು, ಯಾರು ಮೈಕಿನ ಮುಂದೆ ಬಂದು ಸುಮ್ಮನಾದರು ಎಂದು ಬರೆಯಲಿ.

ಉಡುಪಿಯ ಮಕ್ಕಳಿಗೆ ಇದೇ ಅಳತೆಯಲ್ಲಿ ದಿನಚರಿಯೊಂದನ್ನು ಕೊಡಬಹುದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1925ರಲ್ಲಿ ಉಡುಪಿಯಲ್ಲಿ ಹುಟ್ಟಿತು. 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆಯಂಥ ಚಿಲ್ಲರೆಯನ್ನು ಮನೆಬಾಗಿಲಿಗೇ ಬಂದು ಕೊಂಡೊಯ್ಯುವ ಕ್ರಮ. ಪಿಗ್ಮಿಯವರ ಒಂದು ದಿನದ ದಿನಚರಿ: ಯಾವ ಮನೆಯಲ್ಲಿ ಇವತ್ತು ದುಡ್ಡಿಲ್ಲ, ಯಾಕಿಲ್ಲ.

ಕಾರ್ಕಳದ ಗೊಮ್ಮಟ ಮತ್ತು ಕಲ್ಕುಡ: ದಾಖಲೆಯೂ ಪಾಡ್ದನವೂ ಮುಖಾಮುಖಿ

ಒಂಬತ್ತನೇ ತರಗತಿಗೆ ಇದು ವರ್ಷದ ದೊಡ್ಡ ಪಾಠವಾಗಬಹುದು. ಮೂರು ಪೀರಿಯಡ್ ಬೇಕು, ಅವಸರ ಬೇಡ.

ಮೊದಲ ದಿನ ಶಾಸನದ ಮಾತು ಮಾತ್ರ. ಕಾರ್ಕಳದ ಸುಮಾರು 42 ಅಡಿಯ ಬಾಹುಬಲಿ ಮೂರ್ತಿ 1432ರ ಫೆಬ್ರವರಿ 13ರಂದು ಪ್ರತಿಷ್ಠೆಯಾಯಿತು. ಮಾಡಿಸಿದವನು ಭೈರರಸರ ವಂಶದ ವೀರಪಾಂಡ್ಯ. ವೇಣೂರಿನ ಮೂರ್ತಿ 1604ರದ್ದು. ಮಾಡಿಸಿದವನು ಅಜಿಲ ವಂಶದ ತಿಮ್ಮಣ್ಣ. ಮಾಡಿಸಿದವರ ಹೆಸರು ಕಲ್ಲಿನಲ್ಲಿದೆ. ಕಲ್ಲನ್ನು ಕಡಿದವರು ಯಾರು ಎಂದು ಕೇಳಿ, ಅಲ್ಲಿಗೇ ನಿಲ್ಲಿಸಿ.

ಎರಡನೇ ದಿನ ಪಾಡ್ದನದ, ಅಂದರೆ ತುಳುವಿನ ಕಥನಗೀತೆಯ ಮಾತು. ಪಾಠಭೇದಗಳು ಹಲವಿವೆ, ಎಲ್ಲರೂ ಹೇಳುವ ಎಳೆ ಹೀಗೆ. ಕಲ್ಕುಡ ಎಂಬ ಶಿಲ್ಪಿ ಕಾರ್ಕಳದ ಮೂರ್ತಿ ಕಡಿದ. ಇಂಥದ್ದು ಇನ್ನೊಂದು ಕಡೆ ಆಗಬಾರದೆಂದು ಅರಸ ಅವನ ಎಡಗೈ, ಬಲಗಾಲು ಕಡಿಸಿದ. ಕಲ್ಕುಡ ಉಳಿದ ಒಂದು ಕೈ, ಒಂದು ಕಾಲಲ್ಲೇ ವೇಣೂರಿಗೆ ಹೋಗಿ ಅಲ್ಲಿ ಇನ್ನೊಂದು ಮೂರ್ತಿ ಕಡಿದ. ತಂಗಿ ಕಲ್ಲುರ್ಟಿ ಅಣ್ಣನನ್ನು ಹುಡುಕಿಕೊಂಡು ಬಂದಳು. ಅಣ್ಣತಂಗಿ ಇಬ್ಬರೂ ದೈವಗಳಾದರು.

ಈಗ ಮಕ್ಕಳಿಗೆ ಕಳೆಯುವ ಲೆಕ್ಕ ಕೊಡಿ. 1604ರಿಂದ 1432 ಕಳೆದರೆ 172. ಒಬ್ಬನೇ ಶಿಲ್ಪಿ ಎರಡನ್ನೂ ಕಡಿಯಲು ಸಾಧ್ಯವೇ? ಇಲ್ಲ. ಹಾಗಾದರೆ ಪಾಡ್ದನ ಸುಳ್ಳೇ? ಇಲ್ಲಿ ನೀವು ಬಾಯಿ ಮುಚ್ಚಿಕೊಂಡಿರಬೇಕು. ‘ನಮ್ಮ ಮನೆಯಲ್ಲಿ ಕಲ್ಲುರ್ಟಿಗೆ ಪರ್ವ ಕೊಡುತ್ತೇವೆ, ಸರ್’ ಎನ್ನುವ ಮಗು ಇರುತ್ತದೆ. ಲೆಕ್ಕ ಸರಿಯಿಲ್ಲ ಎನ್ನುವ ಮಗುವೂ ಇರುತ್ತದೆ. ಇಬ್ಬರ ಮಾತಿಗೂ ಜಾಗ ಕೊಡಿ, ತೀರ್ಪು ಕೊಡಬೇಡಿ. ಕಲ್ಲು ಬರೆದಿಡದ ಹೆಸರನ್ನು ಗದ್ದೆಯಲ್ಲಿ ನೇಜಿ ನೆಡುತ್ತಾ ಹಾಡಿದ ಹೆಂಗಸರು ಉಳಿಸಿದರು ಎಂಬಲ್ಲಿಗೆ ಚರ್ಚೆ ತಾನಾಗಿ ಬಂದರೆ ಸಂತೋಷ. ಬರದಿದ್ದರೆ ನೀವು ಎಳೆದು ತರುವುದು ಬೇಡ.

ಮೂರನೇ ದಿನ ಬರವಣಿಗೆ. ಒಂದು ಎಚ್ಚರ: ದೈವದ ಬಾಯಲ್ಲಿ ಮಾತು ಹಾಕಿಸಬೇಡಿ. ಅದು ಮನೆಗಳಲ್ಲಿ ನಂಬಿಕೊಂಡು ಬಂದ ಶಕ್ತಿ. ದೈವದ ನುಡಿ ಹೇಳುವುದಕ್ಕೆ ಅದರದ್ದೇ ಜಾಗ, ಅದರದ್ದೇ ಜನ ಇದ್ದಾರೆ. ಸುತ್ತಲಿನ ಮನುಷ್ಯರನ್ನು ಆರಿಸಿ. ಬಂಡೆಗೆ ಹಗ್ಗ ಕಟ್ಟಿ ಎಳೆದ ಆಳು. ಉಳಿ ಹದ ಮಾಡಿಕೊಡುತ್ತಿದ್ದ ಕಮ್ಮಾರ. ಪ್ರತಿಷ್ಠೆಯ ದಿನ ಗುಂಪಿನಲ್ಲಿ ನಿಂತು ಮೂರ್ತಿಯ ಕಾಲ್ಬೆರಳನ್ನಷ್ಟೇ ಕಂಡ ಮಗು. ಪ್ರತಿ ಬರಹದ ಕೊನೆಗೆ ಎರಡು ಸಾಲು ಇರಲಿ: ಶಾಸನದಿಂದ ಪಡೆದದ್ದು ಏನು, ಪಾಡ್ದನದಿಂದ ಪಡೆದದ್ದು ಏನು.

ತಾಳಮದ್ದಳೆ: ಕಾಗದವಿಲ್ಲದೆ ವಾದ

ಬೇರೆ ಕಡೆಯ ಶಾಲೆಗಳಲ್ಲಿ ಚರ್ಚಾಸ್ಪರ್ಧೆ ಇದೆ. ನಮಗೆ ತಾಳಮದ್ದಳೆ ಇದೆ, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ; ಅದನ್ನು ಬಿಟ್ಟು ಅಲ್ಲಿಗೆ ಹೋಗುವುದೇಕೆ? ಭಾಗವತರ ಪದ, ಅದರ ಮೇಲೆ ಅರ್ಥಧಾರಿ ಸ್ಥಳದಲ್ಲೇ ಕಟ್ಟುವ ಮಾತು. ಎದುರಾಳಿಯ ಮಾತನ್ನು ಕಿವಿಗೊಟ್ಟು ಕೇಳದಿದ್ದರೆ ಅರ್ಥಧಾರಿ ಸೋತ.

ಪ್ರಸಂಗ ನಮ್ಮ ಊರಿನದ್ದೇ ಆಗಲಿ. ನನ್ನ ಆಯ್ಕೆ: ಭೂಸುಧಾರಣೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಕಾಯ್ದೆಯಿಂದ ಗೇಣಿ ಭೂಮಿ ಉಳುವವರಿಗೆ ಸೇರಿತು. ಒಕ್ಕಲು ‘ಡಿಕ್ಲರೇಶನ್ ಕೊಟ್ಟು’ ಭೂನ್ಯಾಯಮಂಡಳಿಯ ಮುಂದೆ ತಾನೇ ಉಳುತ್ತಿದ್ದೆನೆಂದು ಹೇಳಬೇಕಿತ್ತು. ಈ ಎರಡು ಜಿಲ್ಲೆಗಳ ಮುಖವನ್ನೇ ಬದಲಿಸಿದ ಸಂಗತಿ ಇದು. ಪಾಠಪುಸ್ತಕದಲ್ಲಿ ಅದಕ್ಕೆ ಸಿಗುವುದು ಒಂದೆರಡು ಸಾಲು.

ಪಾತ್ರ ಮೂರು: ಧಣಿ, ಒಕ್ಕಲು, ಮಂಡಳಿಯ ಸದಸ್ಯ. ಪಾತ್ರ ಹಂಚುವಾಗ ಕಡ್ಡಾಯವಾಗಿ ಚೀಟಿ ಎತ್ತಿಸಿ. ಯಾರ ಮನೆಗೆ ಭೂಮಿ ಬಂತು, ಯಾರ ಮನೆಯಿಂದ ಹೋಯಿತು ಎಂದು ತರಗತಿಯಲ್ಲಿ ಕೇಳುವಂತೆಯೇ ಇಲ್ಲ. ಚೀಟಿಯ ದೆಸೆಯಿಂದ ಒಕ್ಕಲಿನ ಮೊಮ್ಮಗಳು ಧಣಿಯಾದರೆ ವಾದ ಚುರುಕಾಗುತ್ತದೆ. ಪ್ರತಿ ಪಾತ್ರಕ್ಕೂ ಮೂರು ಮಾಹಿತಿಯ ಚೀಟಿ ಕೊಡಿ. ಆ ಮೂರನ್ನೂ ಮಾತಿನ ನಡುವೆ ತರಲೇಬೇಕು. ಚಾಲಗೇಣಿಯೆಂದರೆ ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿ, ಮೂಲಗೇಣಿಯೆಂದರೆ ಶಾಶ್ವತ ಗೇಣಿ, ಗೇಣಿ ಕೊಡುತ್ತಿದ್ದುದು ಮುಡಿ ಅಕ್ಕಿಯಲ್ಲಿ, ಹೀಗೆ. ನಾಲ್ಕು ಸಾಲಿನ ಪದವನ್ನು ಮೊದಲೇ ಗುಂಪಿನಲ್ಲಿ ಬರೆಸಿ. ಹಾಡಲು ಬರುವ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ; ಚೆಂಡೆ ಇಲ್ಲದಿದ್ದರೆ ಬೆಂಚು ಇದೆ.

ಮಾತಾಡುವಾಗ ಕೈಯಲ್ಲಿ ಕಾಗದ ಇರಕೂಡದು. ಮುಗಿದ ಮೇಲೆ, ಅದೇ ದಿನ, ಕೇಳುತ್ತಾ ಕೂತವರು ಕೂಡ ನೆನಪಿನಿಂದ ವಾದವನ್ನು ಬರೆಯಲಿ. ಸಂಭಾಷಣೆ ಬರೆಯುವುದು ಎಷ್ಟು ಕಷ್ಟ ಎಂದು ದೂರುವ ಶಿಕ್ಷಕರು ಒಮ್ಮೆ ಈ ಕ್ರಮವನ್ನು ನೋಡಬೇಕು. ಕಿವಿಗೆ ಬಿದ್ದ ಮಾತು ಪುಟಕ್ಕೆ ಸಲೀಸಾಗಿ ಇಳಿಯುತ್ತದೆ.

ಹೊರಗೆ ಹೋಗುವುದಾದರೆ

ಒಂದೇ ಜಾಗ ಸಾಕು. ಮಂಗಳೂರಿನವರು ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. ಫಲ್ಗುಣಿಯ ದಡದಲ್ಲಿ, ಶತ್ರುಗಳ ಹಡಗು ಒಳಬಾರದಂತೆ 1784ರಲ್ಲಿ ಟಿಪ್ಪು ಕಟ್ಟಿಸಿದ ಕಪ್ಪುಕಲ್ಲಿನ ಕಾವಲುಗೋಪುರ. ಮೇಲೆ ಹತ್ತಿದಾಗ ಎಲ್ಲರೂ ಫೋಟೋ ತೆಗೆಯುತ್ತಾರೆ. ನೀವು ಪ್ರತಿ ಮಗುವನ್ನು ಒಂದೊಂದು ತೋಪಿನ ಕಿಂಡಿಯ ಹಿಂದೆ ನಿಲ್ಲಿಸಿ, ಆ ಕಿಂಡಿಯಿಂದ ಕಾಣುವುದನ್ನಷ್ಟೇ ಬರೆಸಿ. ರಾತ್ರಿ ಕಾವಲಿನವನಿಗೂ ಅಷ್ಟೇ ಕಾಣುತ್ತಿತ್ತು.

ಉಡುಪಿಯವರಿಗೆ ರಥಬೀದಿ ಇದೆ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ದಿನ. ಅದಕ್ಕೆ ಮೊದಲು ಬಾಳೆ, ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು. ರಥದ ಆಕಾರದಲ್ಲಿ ಪೇರಿಸಿದ ಕಟ್ಟಿಗೆಯ ಮುಂದೆ ನಿಂತು, ಅದನ್ನು ಪೇರಿಸುವವರ ಕೆಲಸವನ್ನು ಬರೆಯಲಿ. ಸ್ವಾಮಿಗಳ ಬಗ್ಗೆ ಪತ್ರಿಕೆಗಳು ಹೇಗೂ ಬರೆಯುತ್ತವೆ.

ಇವೆರಡೂ ದೂರವಾದರೆ ಬಿಜೈನ ಶ್ರೀಮಂತಿ ಬಾಯಿ ವಸ್ತುಸಂಗ್ರಹಾಲಯ, ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಇವೆ; ಮೊದಲೇ ಕೇಳಿ ಸಮಯ ಗೊತ್ತು ಮಾಡಿಕೊಳ್ಳಿ. ಎಲ್ಲಿಗೂ ಹೋಗಲಾಗದಿದ್ದರೆ ಬಾಸೆಲ್ ಮಿಷನ್‌ನ ಹಳೆಯ ಛಾಯಾಚಿತ್ರಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಒಂದನ್ನು ಮುದ್ರಿಸಿ, ಮಧ್ಯದಲ್ಲಿರುವವರನ್ನು ಬಿಟ್ಟು ಅಂಚಿನಲ್ಲಿ ಅರ್ಧ ಕತ್ತರಿಸಿಹೋದವರ ಬಗ್ಗೆ ಬರೆಸಿ.

ತಿದ್ದುವುದು, ಅಂಕ, ಪ್ರಕಟಣೆ

ಮೊದಲ ಕರಡಿನಲ್ಲಿ ಕಾಗುಣಿತಕ್ಕೆ ಕೆಂಪು ಪೆನ್ನು ಮುಟ್ಟಿಸಬೇಡಿ. ಮೂರೇ ಪ್ರಶ್ನೆ ಅಂಚಿನಲ್ಲಿ ಬರೆಯಿರಿ: ಇದು ನಿನಗೆ ಹೇಗೆ ಗೊತ್ತು? ಇಲ್ಲಿ ಏನು ಕಾಣುತ್ತದೆ? ಇವರು ನಿಜಕ್ಕೂ ಹೀಗೆ ಮಾತಾಡುತ್ತಾರಾ? ಎರಡನೇ ಕರಡಿನಲ್ಲಿ ಭಾಷೆ. ಅಂಕ ಕೊಡಲೇಬೇಕಾದರೆ ಹತ್ತರಲ್ಲಿ ನಾಲ್ಕು ಆಕರಕ್ಕೆ, ನಾಲ್ಕು ಬರಹಕ್ಕೆ, ಎರಡು ತಿದ್ದಿದ ಶ್ರಮಕ್ಕೆ. ‘ಸುಂದರ ಕೈಬರಹ’ಕ್ಕೆ ಅಂಕ ಬೇಡ.

ವರ್ಷದ ಕೊನೆಗೆ ಕೈಬರಹದ ಪತ್ರಿಕೆ ಮಾಡಿ. ಈ ಭಾಗದ ಶಾಲೆಗಳಿಗೆ ಅದು ಹೊಸತಲ್ಲ. ನಿಮ್ಮದೇ ಶಾಲೆಯ ಕಪಾಟಿನಲ್ಲಿ ಹಳೆಯ ಪ್ರತಿ ಇದ್ದೀತು, ಹುಡುಕಿ. ಅಂತಿಮ ಪ್ರತಿಯಲ್ಲಿ ಪೆನ್ಸಿಲು ಹೋಗುತ್ತದೆ, ಆದ್ದರಿಂದ ಪ್ರತಿ ಬರಹದ ಅಡಿಯಲ್ಲಿ ‘ಸಿಕ್ಕಿದ್ದು’, ‘ಕಟ್ಟಿದ್ದು’ ಎಂದು ಎರಡು ಸಾಲು ಉಳಿಯಲೇಬೇಕು. ಇಲ್ಲವಾದರೆ ಶತಮಾನೋತ್ಸವದ ಸ್ಮರಣ ಸಂಚಿಕೆಯವರು ಮಗುವಿನ ಕಲ್ಪನೆಯನ್ನೇ ಊರಿನ ಇತಿಹಾಸವೆಂದು ಅಚ್ಚು ಹಾಕಿಬಿಡುತ್ತಾರೆ.

ಮಾತು ಕೊಟ್ಟ ಹಿರಿಯರ ಹೆಸರು ಹಾಕುವ ಮೊದಲು ಅವರನ್ನು ಕೇಳಿ. ಬೇಡವೆಂದರೆ ‘ಕಟಪಾಡಿಯ ಒಬ್ಬ ಅಜ್ಜಿ’ ಎಂದರೆ ಸಾಕು. ಪತ್ರಿಕೆಯ ಒಂದು ನೆರಳಚ್ಚು ಪ್ರತಿ ಶಾಲೆಯ ಗ್ರಂಥಾಲಯಕ್ಕೆ, ಒಂದು ಗ್ರಾಮ ಪಂಚಾಯತ್ ಗ್ರಂಥಾಲಯಕ್ಕೆ ಹೋಗಲಿ. ಹಿರಿಯರಿಗೆ ಪ್ರತಿಯನ್ನು ಬರೀ ಕೊಟ್ಟು ಬರುವುದಲ್ಲ, ಮಗು ಅವರ ಮನೆಗೆ ಹೋಗಿ ಓದಿ ಹೇಳಬೇಕು. ‘ಹಾಗಲ್ಲ ಮಗಾ, ದೋಣಿ ಆ ಕಡೆಯಿಂದ ಬರುತ್ತಿತ್ತು’ ಎಂದು ಅವರು ನಡುವೆ ತಡೆದರೆ, ಬರೆದುಕೊಳ್ಳಲು ಕೈಯಲ್ಲಿ ನೀಲಿ ಪೆನ್ನು ಇರಲಿ.